ಹಿಲ್ಡಾಳ ಜೊತೆ ವಿಯೆಟ್ನಾಂ ಊಟ

ಹೋಟೆಲಿನಲ್ಲಿ ತಟ್ಟೆ ಬಂದ ಕೂಡಲೇ ಹಿಲ್ಡಾ ಕೈ ಹಾಕುತ್ತಿರಲಿಲ್ಲ. ಮೊದಲು ತಟ್ಟೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಮೂಸುತ್ತಿದ್ದಳು. ಆಮೇಲೆ ತೀರ್ಪು: "ಮೀನು ಇವತ್ತಿನದ್ದೇ. ಆದ್ರೆ ಕೊತ್ತಂಬರಿ ಸೀದಿದೆ, ಹುರಿಯುವಾಗ ಯಾರೋ ಫೋನಲ್ಲಿ ಮಾತಾಡ್ತಾ ಇದ್ರು."

ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ತನ್ನ ಊರು ಕುಲಶೇಖರಕ್ಕೆ ಮರಳಿದ ಮೇಲೆ ಅವಳು ನಮ್ಮ ಪಕ್ಕದ ಮನೆಗೆ ಬಂದಳು. ನಾನು, ಎದುರು ಮನೆಯ ಸುಮತಿ ಮತ್ತು ಅವಳು ತಿಂಗಳಿಗೊಮ್ಮೆ ಹೊರಗೆ ಊಟಕ್ಕೆ ಹೋಗುವ ಪದ್ಧತಿ ಶುರುವಾದದ್ದು ಅವಳಿಂದಲೇ. "ನಾವು ಬೇಯಿಸಿದ್ದನ್ನು ನಾವೇ ತಿಂದು ಸಾಯುವುದು ಎಂತದಕ್ಕೆ ಮಾರಾಯ್ತಿ?" ಎನ್ನುತ್ತಿದ್ದಳು.

ಉಳ್ಳಾಲದ ಕಡೆಯ ಒಂದು ಹೋಟೆಲಿನಲ್ಲಿ ಬಂಗುಡೆ ಸಾರಿನ ರುಚಿ ನೋಡಿದವಳೇ ಎದ್ದು ನೇರ ಅಡುಗೆಮನೆಗೆ ನಡೆದಳು. ಜಗಳವಾಗುತ್ತದೆಂದು ಹೆದರಿ ನಾವು ಹಿಂದೆ ಓಡಿದರೆ, ಅವಳು ಅಡುಗೆ ಹೆಂಗಸಿನ ಎರಡೂ ಕೈ ಹಿಡಿದು ನಿಂತಿದ್ದಳು. "ನನ್ನ ಅಮ್ಮ ಹೋದ ಮೇಲೆ ಇಂಥ ಸಾರು ತಿಂದದ್ದು ಇವತ್ತೇ."

ಅಂಥವಳಿಗೆ ಒಂದು ಜ್ವರ ಬಂತು. ಜ್ವರವೇನೋ ಬಿಟ್ಟಿತು, ವಾಸನೆ, ರುಚಿ ಎರಡೂ ಹೋದವು. ನಮಗೆ ಅವಳು ಹೇಳಲಿಲ್ಲ. ಮುಂದಿನ ಸಲ ಹೋಟೆಲಿನಲ್ಲಿ ತಂದಿಟ್ಟದ್ದಕ್ಕೆಲ್ಲ "ಒಳ್ಳೆದುಂಟು" ಎಂದಳು. ಆಮೇಲೆ ಏನಾದರೊಂದು ನೆಪ ಹೇಳಿ ಬರುವುದನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ನಾವಿಬ್ಬರೇ ಅವಳ ಮನೆಗೆ ಹೋದೆವು. ಊಟಕ್ಕೆ ಕೂರಿಸಿದಳು. ಸಾರು ಬಾಯಿಗಿಡಲಾಗದಷ್ಟು ಉಪ್ಪು. ಅವಳ ಗಂಡ ಆಲ್ಬರ್ಟ್, ನಾವು ಗೌರವದಿಂದ ಪೊರ್ಬುಗಳು ಎನ್ನುವವರು, ಮುಖ ಸೊಟ್ಟ ಮಾಡದೆ ಅದನ್ನೇ ಕಲಸಿ ಉಣ್ಣುತ್ತಿದ್ದರು. ಸುಮ್ಮನಿರಿ ಎಂದು ನಮಗೂ ಕಣ್ಣಿನಲ್ಲೇ ಹೇಳಿದರು. ಹಿಲ್ಡಾ ಅದನ್ನು ಕಂಡುಬಿಟ್ಟಳು.

"ಇಷ್ಟು ದಿನ ಹೀಗೇ ತಿಂದ್ರಾ?" ಎಂದು ಗಂಡನನ್ನು ಕೇಳಿದಳು. ಅವರು ಇನ್ನೊಂದು ತುತ್ತು ಕಲಸಿದರು. ಅವಳು ನಮ್ಮ ಕಡೆ ತಿರುಗಿದಳು. "ಆ ಜ್ವರದ ಮೇಲೆ ನನಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಹೋಟೆಲಿಗೆ ಬಂದು ನಾನೆಂತ ಮಾಡುವುದು? ನೀವು ತಿನ್ನುವುದನ್ನು ನೋಡ್ತಾ ಕೂರುವುದಾ?"

ಸುಮತಿ, "ಕದ್ರಿ ಹತ್ತಿರ ಹೊಸತು ವಿಯೆಟ್ನಾಂ ಹೋಟೆಲ್ ಆಗಿದೆ. ಅಲ್ಲಿಗೆ ಹೋಗುವ. ಅಲ್ಲಿಯ ಅಡುಗೆ ಹೇಗಿರಬೇಕು ಅಂತ ನಮಗೂ ಗೊತ್ತಿಲ್ಲ. ಮೂವರೂ ಸಮ," ಎಂದಳು. ಹಿಲ್ಡಾಳಿಗೆ ನಗು ಬಂತು. ಬಂದಳು.

ಅಲ್ಲಿ ಬೇಯಿಸಿದ ಸಿಗಡಿ, ಪುದೀನಾ, ಸೌತೆಕಾಯಿ, ಸಪೂರ ಶ್ಯಾವಿಗೆಯನ್ನು ಬೇರೆ ಬೇರೆಯಾಗಿ ತಂದಿಟ್ಟರು. ಕಾಗದದಂಥ ಅಕ್ಕಿ ಹಾಳೆಯನ್ನು ಬಿಸಿನೀರಿನಲ್ಲಿ ಅದ್ದಿ, ಎಲ್ಲವನ್ನೂ ಒಳಗಿಟ್ಟು ನಾವೇ ಸುತ್ತಬೇಕಿತ್ತು. ನನ್ನದು ಹರಿಯಿತು, ಸುಮತಿಯದ್ದು ಅಂಗೈಗೇ ಅಂಟಿತು. ಹಿಲ್ಡಾ ಮಾತ್ರ ಗಾಯಕ್ಕೆ ಪಟ್ಟಿ ಕಟ್ಟುವ ಹಾಗೆ ಬಿಗಿಯಾಗಿ, ಚಂದವಾಗಿ ಸುತ್ತಿದಳು. ಪಕ್ಕದಲ್ಲಿಟ್ಟಿದ್ದ ಚಟ್ನಿಯಲ್ಲಿ ಅದ್ದಿ, ಮೂಸದೆಯೇ ಕಚ್ಚಿದಳು. ನಾವು ಅವಳ ಮುಖವನ್ನೇ ನೋಡುತ್ತಿದ್ದೆವು.

"ರುಚಿ ಇಲ್ಲ," ಎಂದು ನಿಧಾನವಾಗಿ ಜಗಿದಳು. "ಆದ್ರೆ ತಣ್ಣಗುಂಟು. ಸೌತೆಕಾಯಿ ಕರುಂ ಅಂತದೆ. ಸಿಗಡಿ..." ಅಷ್ಟರಲ್ಲಿ ಚಟ್ನಿಯ ಮೆಣಸು ಹತ್ತಿತು. "ಖಾರ! ಖಾರ ಗೊತ್ತಾಗ್ತದೆ ಮಾರಾಯ್ತಿ!" ಮೆಣಸಿಗೋ ಖುಷಿಗೋ, ಕಣ್ಣಲ್ಲಿ ನೀರು ಸುರಿಯಿತು. ಒರೆಸಿಕೊಳ್ಳದೆ ಇನ್ನೊಂದು ಹಾಳೆ ನೀರಿಗೆ ಹಾಕಿದಳು.

ಅಲ್ಲಿಂದ ತಿಂಗಳಿಗೊಮ್ಮೆ ಅಲ್ಲಿಗೇ ಹೋದೆವು. ಸುತ್ತುವುದು ಅವಳ ಕೆಲಸ, ರುಚಿ ಹೇಳುವುದು ನಮ್ಮ ಕೆಲಸ. "ಸರಿ ಹೇಳು. ಹುಳಿ ಅಂದ್ರೆ ಎಂಥ ಹುಳಿ? ಬಿಂಬಳಿ ಕಾಯಿಯದ್ದಾ, ಲಿಂಬೆಯದ್ದಾ?" ಎಂದು ಪೀಡಿಸುತ್ತಿದ್ದಳು. ಹೋದ ರುಚಿ ಮರಳಿ ಬರಲೇ ಇಲ್ಲ. ಒಂದು ಬೆಳಿಗ್ಗೆ ಇಗರ್ಜಿಗೆ ಪ್ರಾರ್ಥನೆಗೆಂದು ಹೊರಟವಳು ಎದೆ ಹಿಡಿದು ಕುಸಿದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು.

ಕೆಲವು ವಾರ ಕಳೆದ ಮೇಲೆ ಆಲ್ಬರ್ಟ್ ಪೊರ್ಬುಗಳು ನಮ್ಮ ಗೇಟಿನ ಹತ್ತಿರ ಬಂದು ನಿಂತರು. "ನೀವು ಮೂವರು ಹೋಗ್ತಾ ಇದ್ದ ಹೋಟೆಲಿಗೆ ನನ್ನನ್ನೊಮ್ಮೆ ಕರ್ಕೊಂಡು ಹೋಗ್ತೀರಾ?"

ಹೋದೆವು. ಅವರು ಗೋಡೆ ಬದಿಯ ಕುರ್ಚಿಯಲ್ಲಿ ಕುಳಿತು, ಮೆನು ಕಾರ್ಡನ್ನು ಮಡಚಿ ಪಕ್ಕಕ್ಕಿಟ್ಟರು.

"ಊಟ ಯಾವುದಾದ್ರೂ ಆಗ್ತದೆ," ಎಂದರು. "ಅವಳು ಇಲ್ಲಿ ಎಂತೆಲ್ಲ ಮಾತಾಡ್ತಾ ಇದ್ಳು, ಅದನ್ನು ಹೇಳಿ."