ಟೈಲರ್ ಕಾಲಿನ ತಾಳ

ಸಿನಿಮಾಕ್ಕೆಂದು ಮೊದಲ ಹಾಡು ಬರೆದಾಗ ನಾನು ಅದನ್ನು ಮೊದಲು ಹಾಡಿ ತೋರಿಸಿದ್ದು ಬಾಳಗಡಿಯ ನಮ್ಮ ಟೈಲರ್‌ಗೆ. ಅವರಿಗೆ ರಾಗ ಗೊತ್ತಿರಲಿಲ್ಲ, ಛಂದಸ್ಸಂತೂ ಕೇಳುವುದೇ ಬೇಡ. ಹೊಲಿಗೆ ಮಿಷನ್ ತುಳಿಯುತ್ತಲೇ ಕೇಳುತ್ತಿದ್ದರು. ತೊಡಕಿನ ಪದ ಬಂದಲ್ಲಿ ಕಾಲು ತಾನಾಗಿ ನಿಲ್ಲುತ್ತಿತ್ತು. ಆಗ ಕನ್ನಡಕದ ಮೇಲಿಂದ ನೋಡಿ, "ಕಾಲು ನಿಂತೋಯ್ತು, ತೆಗಿ ಮಾರಾಯ" ಎನ್ನುತ್ತಿದ್ದರು. ಯಾಕೆ ಎಂದರೆ, "ನಂಗೆಂತ ಗೊತ್ತು? ಕಾಲನ್ನೇ ಕೇಳು" ಎಂದು ನಗುತ್ತಿದ್ದರು.

ಹಾಗೆ ಹತ್ತಾರು ಪದ ತೆಗೆದೆ. 'ಚಂದ್ರಿಕಾವಿಲಾಸಿನಿ' ಒಂದನ್ನು ಮಾತ್ರ ಬಿಡಲಾಗಲಿಲ್ಲ. ಅಷ್ಟು ದೊಡ್ಡ ಪದ ಕಟ್ಟಿದೆನಲ್ಲ ಎಂಬ ಜಂಬ.

ಸಿನಿಮಾದವರು ಹಾಡನ್ನು ನನ್ನಿಂದಲೇ ಹಾಡಿಸಿದರು. ಸ್ಟುಡಿಯೋದ ಮೈಕಿನ ಮುಂದೆ ಪ್ರತಿ ಸಲ ನನಗೆ ಉಸಿರು ಸಾಲದೆ ಹೋದದ್ದು ಅದೇ ಪದಕ್ಕೆ. ಆದರೂ ಹಟ ಬಿಡಲಿಲ್ಲ.

ಸಿ.ಡಿ. ಬಂದ ದಿನ ಟೈಲರ್ ಅಂಗಡಿಯಲ್ಲೇ ಹಾಕಿದೆ. ಯಾರದೋ ರವಿಕೆ ಹೊಲಿಯುತ್ತ ಅವರು ತಲೆದೂಗುತ್ತಿದ್ದರು. ಆ ಪದ ಬಂತು. ಕಾಲು ನಿಂತಿತು. ಒಮ್ಮೆ ನನ್ನ ಮುಖ ನೋಡಿದವರು ತಟ್ಟನೆ ಸೂಜಿಯ ಕಡೆ ಬಗ್ಗಿ, "ದಾರ ತುಂಡಾಯ್ತು ಮಾರಾಯ. ಹಾಡಿಗೆಂತ ಆಗ್ಲಿಲ್ಲ" ಎಂದರು.

ದಾರ ತುಂಡಾಗಿರಲಿಲ್ಲ.