ಕ್ಯಾಮೆರಾ ಚೀಲದಂತೆ ಕಾಣದ ಚೀಲ

ನನ್ನ ಎಡಭುಜ ಕೆಟ್ಟದ್ದು ಒಂದು ಚೀಲದಿಂದ. ಒಂದೇ ಹೆಗಲಿಗೆ ನೇತುಹಾಕುವ ಕರಿಯ ಕ್ಯಾಮೆರಾ ಚೀಲ ಅದು. ಅದರ ಮೈಮೇಲೆ ಕಂಪನಿಯ ಹೆಸರು, ಅಂಗಡಿಯ ಬೋರ್ಡಿನಂತೆ ದೊಡ್ಡದಾಗಿ. ವಾರವೆಲ್ಲ ಬೈಲಹೊಂಗಲದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕುಟ್ಟುವ ನಾನು ರವಿವಾರ ಬಂತೆಂದರೆ ಆ ಚೀಲ ಹೇರಿಕೊಂಡು ಸೊಗಲದ ಗುಡ್ಡಕ್ಕೋ, ಕಿತ್ತೂರಿನ ಆಚೆಯ ಕಾಡಂಚಿಗೋ, ರಾಮದುರ್ಗದ ಕೊಳ್ಳಗಳಿಗೋ ಹೊರಟುಬಿಡುತ್ತಿದ್ದೆ. ಹಕ್ಕಿಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ದೂರದ ಹಕ್ಕಿಯನ್ನು ಹತ್ತಿರ ತರುವ ಉದ್ದನೆಯ ಲೆನ್ಸ್ ಒಂದಿತ್ತು. ಬಂಗಾರಕ್ಕಿಂತ ಅದನ್ನೇ ಹೆಚ್ಚು ಜೋಪಾನ ಮಾಡುತ್ತೇನೆಂದು ನಮ್ಮ ಯಜಮಾನರು ಆಡಿಕೊಳ್ಳುತ್ತಿದ್ದರು. ಸುಳ್ಳಲ್ಲ. ಅಂಥದ್ದು ಇನ್ನೊಂದು ಕೊಳ್ಳುವುದು ನನ್ನಿಂದಾಗದ ಮಾತು.

ಭುಜ ಒತ್ತಿ ನೋಡಿದ ಡಾಕ್ಟರು, "ಇನ್ನ ಒಂದ ಹೆಗಲಿಗೆ ಭಾರ ಹಾಕಿದ್ರ ಕೈ ಮ್ಯಾಲ ಎತ್ತಾಕ ಬರಂಗಿಲ್ಲ ನೋಡ್ರಿ" ಎಂದರು. ಎರಡೂ ಹೆಗಲಿಗೆ ಹಾಕುವ ಚೀಲ ಬೇಕಾಯಿತು.

ಆ ಹಳೇ ಚೀಲದ ಕಾಟ ಭುಜಕ್ಕಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದರ ಮೇಲಿನ ಹೆಸರು ನೋಡಿದರೆ ಸಾಕು, ಬಸ್ಸಿನಲ್ಲಿ ಪಕ್ಕದವರ ಬಾಯಿ ತೆರೆಯುತ್ತಿತ್ತು. "ಕ್ಯಾಮೆರಾ ಏನ್ರಿ ಅಕ್ಕಾರ? ಹಂಗಾರ ನಮ್ಮದೊಂದು ಫೋಟೋ ತಗೀರಲ್ಲ." ತೆಗೆದರೆ ಮುಗಿಯುವುದಿಲ್ಲ, ವಾಟ್ಸಾಪಿಗೆ ಹಾಕಬೇಕು. ಹಾಕಿದ ಮೇಲೆ, ಮುಖ ಕಪ್ಪಗೆ ಬಂದಿದೆಯೆಂದು ಫೋನು. ಒಮ್ಮೆ ಸೊಗಲದ ಮೆಟ್ಟಿಲುಗಳ ಮೇಲೆ ಅಜ್ಜ, ಅಜ್ಜಿ, ಬೀಗರು, ಕೂಸು ಎಲ್ಲ ಸಾಲಾಗಿ ನಿಂತುಬಿಟ್ಟರು. ಅವರನ್ನು ತೆಗೆದು ತಿರುಗುವಷ್ಟರಲ್ಲಿ ನಾನು ಬೆಳಗಿನಿಂದ ಕಾದಿದ್ದ ಮಿಂಚುಳ್ಳಿ ಹಾರಿಹೋಗಿತ್ತು. ಇದರ ಮೇಲೆ ಕಳ್ಳರ ಭಯ ಬೇರೆ. ಹಾಗಾಗಿ ಹೊಸ ಚೀಲ ಹೇಗಾದರೂ ಇರಲಿ, ಕ್ಯಾಮೆರಾ ಚೀಲದಂತೆ ಮಾತ್ರ ಕಾಣಬಾರದು ಎಂದು ಹಟ ಹಿಡಿದೆ.

ಬೈಲಹೊಂಗಲದ ಚೀಲದಂಗಡಿಯವರು ನನ್ನನ್ನು ಕಂಡ ಕೂಡಲೇ, "ಬರ್ರಿ ಅಕ್ಕಾರ, ಮಗ ಎಷ್ಟನೇ ಕ್ಲಾಸ ಅದಾನ್ರಿ?" ಎಂದರು. ನನಗೇ ಬೇಕು, ಗುಡ್ಡ ಹತ್ತಲು ಬೇಕು ಎಂದೆ. ಅವರು ನನ್ನ ಸೀರೆ ನೋಡಿದರು, ನರೆತ ಕೂದಲು ನೋಡಿದರು, ಗೊಂಬೆಯ ಚಿತ್ರವಿದ್ದ ಒಂದು ಸಾಲಿಚೀಲ ತೆಗೆದು ಮುಂದಿಟ್ಟರು. ಕಿತ್ತೂರಿನ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಚೀಲಗಳಿದ್ದವು. ಒಳಗೆ ಮೆತ್ತೆಯ ಗೋಡೆಯೇ ಇಲ್ಲ. ಲೆನ್ಸು ಅದರಲ್ಲಿ ಬಾವಿಯ ಕೊಡದಂತೆ ಅತ್ತಿತ್ತ ಬಡಿದಾಡಬೇಕು. "ನಡು ನಡುವ ಅರಿವಿ ತುರುಕ್ರಿ, ಏನಾಗಂಗಿಲ್ಲ" ಎಂದು ಅಂಗಡಿಯವರು ನನಗೇ ಬುದ್ಧಿ ಹೇಳಿದರು. ಬಟ್ಟೆ ತುರುಕಿ ಲೆನ್ಸ್ ಒಯ್ಯಬೇಕಂತೆ! ಮೈ ಉರಿಯಿತು.

ಇನ್ನು ಮೊಬೈಲಿನಲ್ಲಿ ತರಿಸುವುದೇ ಗತಿ. ಅಲ್ಲಿ ಎಲ್ಲ ಚೀಲಗಳನ್ನೂ ಆರಡಿ ಗಂಡಸರೇ ಹಾಕಿಕೊಂಡು ಹಿಮದ ಬೆಟ್ಟದ ತುದಿಯಲ್ಲಿ ನಿಂತಿದ್ದಾರೆ. ನಮ್ಮ ಬಿಸಿಲಲ್ಲಿ, ನನ್ನ ಎತ್ತರದ ಹೆಂಗಸಿನ ಬೆನ್ನ ಮೇಲೆ ಅದು ಹೇಗೆ ಕೂರುತ್ತದೆಂದು ಯಾರೂ ಹೇಳುವುದಿಲ್ಲ. ಮೊದಲು ಬಂದ ಚೀಲದ ಸೊಂಟಪಟ್ಟಿ ನನ್ನ ತೊಡೆಗೆ ಬಂತು. ಇನ್ನೊಂದರಲ್ಲಿ ಕ್ಯಾಮೆರಾಕ್ಕೆ ಅರಮನೆಯಂಥ ಜಾಗ, ಆದರೆ ಎರಡು ರೊಟ್ಟಿ ಕಟ್ಟಿಕೊಂಡು ಹೋಗಲು ಒಂದು ಸಂದಿಯೂ ಇಲ್ಲ. ಇಡೀ ದಿನ ಗುಡ್ಡ ಸುತ್ತುವವರು ಲೆನ್ಸ್ ತಿಂದು ಬದುಕುತ್ತಾರೆಯೇ? ಮತ್ತೊಂದರ ಕ್ಯಾಮೆರಾ ಬಾಗಿಲು ಬೆನ್ನಿನ ಕಡೆಗಿತ್ತು. ಕಳ್ಳರ ಕೈ ತಾಗುವುದಿಲ್ಲವೆಂದು ಹೊಗಳಿ ಬರೆದಿದ್ದರು. ನಿಜ, ನನ್ನ ಕೈಯೂ ತಾಗಲಿಲ್ಲ. ಚೀಲ ಪೂರ್ತಿ ಇಳಿಸಿ, ಮಗುಚಿ ಹಾಕಿ, ಜಿಪ್ಪು ಎಳೆಯುವಷ್ಟರಲ್ಲಿ ಯಾವ ಹಕ್ಕಿ ಕಾಯುತ್ತದೆ? ಪ್ರತಿಸಲ ವಾಪಸು ಒಯ್ಯಲು ಬರುವ ಡೆಲಿವರಿಯವರಿಗೂ ಸಾಕಾಗಿತ್ತು. "ಅಕ್ಕಾರ, ನಿಮ್ಮ ಬೆನ್ನಿಗೆ ಒಗ್ಗೂದು ಯಾವುದೂ ಹುಟ್ಟೇ ಇಲ್ಲ ಬಿಡ್ರಿ" ಎಂದು ಬಾಗಿಲಲ್ಲೇ ನಿಂತು ನಕ್ಕರು. ಮಳೆಗಾಲ ಪೂರ್ತಿ ಹೀಗೇ ಹೋಯಿತು, ನಾನು ಒಂದು ಗುಡ್ಡವನ್ನೂ ಹತ್ತಲಿಲ್ಲ.

ಕೊನೆಗೆ ಒಂದು ಸಿಕ್ಕಿತು. ಬೂದು ಬಣ್ಣ, ಹೆಸರಿಲ್ಲ, ಹೊಳಪಿಲ್ಲ. ಕೆಳಗಿನ ಅರೆಯಲ್ಲಿ ಕ್ಯಾಮೆರಾ, ಮೇಲೆ ರೊಟ್ಟಿ ಬುತ್ತಿ. ಜಿಪ್ಪು ಪಕ್ಕದಲ್ಲಿ. ಸುತ್ತ ಎಷ್ಟು ಮೆತ್ತೆಯೆಂದರೆ ಮುಟ್ಟಿದರೆ ತಲೆದಿಂಬು. ಹಾಕಿಕೊಂಡು ಹಿತ್ತಲಲ್ಲಿ ಸುತ್ತು ಹೊಡೆದೆ, ಭುಜ ಚಕಾರ ಎತ್ತಲಿಲ್ಲ. ಯಜಮಾನರು, "ಊರಿಗೆ ಹೊಂಟವರ ಅರಿವಿ ಚೀಲ ಇದ್ದಂಗ ಐತಲ್ಲ" ಎಂದು ಮೂಗು ಮುರಿದರು. "ಹಂಗ ಕಾಣಬೇಕಂತನ ತಂದೇನಿ" ಎಂದೆ. ಅಷ್ಟು ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಚಳಿ ಶುರುವಾಗಿತ್ತು. ನವಿಲುತೀರ್ಥದ ಹಿನ್ನೀರಿಗೆ ದೂರದ ಹಕ್ಕಿಗಳು ಬಂದಿಳಿಯುವ ಹೊತ್ತು. ಆಗಲೇ ದೊಡವಾಡದಿಂದ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟು ಬಂದಳು. ಸವದತ್ತಿಯವರೆಗೆ ಜೊತೆಗೆ ಹೋಗೋಣ, ಅಲ್ಲಿಂದ ಅವಳು ಗುಡ್ಡಕ್ಕೆ, ನಾನು ಹಿನ್ನೀರಿಗೆ ಎಂದು ಮಾತಾಯಿತು.

ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ನಮ್ಮ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಬೈಲಹೊಂಗಲದ ಸ್ಟ್ಯಾಂಡ್ ಜನರಿಂದ ತುಂಬಿತ್ತು. ನೀರಿನ ಬಾಟಲಿ ತರಲು ಹೊರಟವಳು ಚೀಲವನ್ನು ದೊಡ್ಡವ್ವನ ಕೈಗೆ ಕೊಟ್ಟೆ.

"ದೊಡ್ಡವ್ವಾ, ಇದನ್ನ ಹಿಡ್ಕೋ ಬೇ. ನೆಲಕ್ಕ ಮಾತ್ರ ಇಡಬ್ಯಾಡ."

"ಇಡಂಗಿಲ್ಲ ಹೋಗವ್ವಾ" ಎಂದಳು.

ಒಳಗೇನಿದೆಯೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುತ್ತ ಅಷ್ಟು ಕಿವಿಗಳಿದ್ದವು. ಕ್ಯಾಮೆರಾ ಎಂಬ ಮಾತು ಹೊರಗೆ ಬೀಳಬಾರದೆಂದೇ ತಾನೆ ಆ ಚೀಲ ಕೊಂಡದ್ದು?

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲೋ ಚೀಲವೋ ಎಸೆದು ಸೀಟು ಹಿಡಿಯುತ್ತಾರೆ. ಒಗೆದದ್ದು ಯಾವ ಸೀಟಿಗೆ ಬಿತ್ತೋ ಆ ಸೀಟು ಅವರದ್ದು, ಅದಕ್ಕೆ ಎದುರಾಡುವವರಿಲ್ಲ. ಈ ವಿದ್ಯೆಯಲ್ಲಿ ದೊಡ್ಡವ್ವನನ್ನು ಮೀರಿಸುವವರು ದೊಡವಾಡದಲ್ಲೇ ಇಲ್ಲ. ನಾನು ಬಾಟಲಿ ಹಿಡಿದು ಬರುವಾಗ ಸವದತ್ತಿ ಬಸ್ಸು ಒಳಗೆ ಬರುತ್ತಿತ್ತು. ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಅದರ ಜೊತೆಗೇ ಓಡುತ್ತಿದ್ದಳು. ನನಗೆ ಎಲ್ಲ ತಿಳಿಯಿತು. "ದೊಡ್ಡವ್ವಾ!" ಎಂದು ಕಿರುಚಿದೆ. ಅಷ್ಟರಲ್ಲಿ ಆ ಬೂದು ಚೀಲ ಅವಳ ತಲೆಯ ಮೇಲಿಂದೆದ್ದು ಕಿಟಕಿಯೊಳಗೆ ತೂರಿಹೋಯಿತು. ಒಳಗೆ ಕಬ್ಬಿಣಕ್ಕೆ ಏನೋ ಬಡಿದು ದಪ್ಪೆಂದು ಬಿತ್ತು.

ಜನರನ್ನು ನೂಕಿಕೊಂಡು ಹತ್ತಿದೆ. ದೊಡ್ಡವ್ವ ನನಗಿಂತ ಮೊದಲೇ ಒಳಗಿದ್ದಳು, ಚೀಲವನ್ನು ಎತ್ತಿ ಸೀಟಿನ ಮೇಲೆ ಕೂರಿಸಿ, ಗೆದ್ದವಳಂತೆ ನಗುತ್ತಿದ್ದಳು. "ಬಾ, ಕುಂದ್ರು. ನಿನ್ನ ಭುಜ ನೋಯ್ತೈತಂತ ಕಿಟಕಿ ಬಾಜೂದ ಹಿಡದೇನಿ."

"ನೀ ಕುಂದ್ರು ಬೇ."

"ನನಗೇನಾಗೇತಿ? ಕುಂದ್ರು ಅಂದ್ರ ಕುಂದ್ರು." ನೋಯುವ ಭುಜ ಬಿಟ್ಟು, ಇನ್ನೊಂದನ್ನು ಒತ್ತಿ ನನ್ನನ್ನು ಕೂರಿಸಿಯೇಬಿಟ್ಟಳು. ಸಿಕ್ಕಿದ್ದು ಒಂದೇ ಸೀಟು. ಎಪ್ಪತ್ತು ದಾಟಿದ ಅವಳು ಕಂಬಿ ಹಿಡಿದು ಜೋತಾಡುತ್ತ ನಿಂತಳು.

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಅಲುಗಿಸಿದೆ. ಒಳಗೆ ಚೂರೊಂದು ಕಿಣಿಕಿಣಿ ಎಂದಿತು. ತೆಗೆದು ನೋಡುವ ಧೈರ್ಯವಾಗಲಿಲ್ಲ. ಮುನವಳ್ಳಿ ದಾಟುವವರೆಗೂ ಹಲ್ಲು ಕಚ್ಚಿ ಕೂತೆ. ದೊಡ್ಡವ್ವನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಮುಖ ಎತ್ತಿ ಅವಳನ್ನು ನೋಡಲೂ ಆಗುತ್ತಿರಲಿಲ್ಲ. ಅವಳು ಮಾತ್ರ ಬ್ರೇಕ್ ಬಿದ್ದಾಗಲೆಲ್ಲ ನನ್ನ ಭುಜಕ್ಕೆ ಯಾರೂ ತಾಗದಂತೆ ತನ್ನ ಮೊಣಕೈ ಅಡ್ಡ ಇಡುತ್ತಿದ್ದಳು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಸವದತ್ತಿಯಲ್ಲಿ ಇಳಿದು ಕಟ್ಟೆಯ ಮೇಲೆ ಕೂತು ಜಿಪ್ಪು ಎಳೆದೆ. ಚೀಲಕ್ಕೆ ಒಂದು ಗೀರೂ ಇಲ್ಲ. ಬುತ್ತಿಯ ರೊಟ್ಟಿ ಕೂಡ ಮುರಿದಿರಲಿಲ್ಲ. ಲೆನ್ಸು ಮಾತ್ರ ಕ್ಯಾಮೆರಾಕ್ಕೆ ಕೂರುವ ಜಾಗದಲ್ಲೇ ಸೀಳಿಹೋಗಿತ್ತು. ತಿರುಗಿಸಿದರೆ ಮರಳು ಅರೆದಂತೆ ಸದ್ದು.

"ಏನಾತವ್ವಾ?" ದೊಡ್ಡವ್ವ ಬಗ್ಗಿ ನೋಡಿದಳು.

"ಇದರಾಗ ಕ್ಯಾಮೆರಾ ಇತ್ತು ಬೇ! ಕ್ಯಾಮೆರಾ!" ಕಟ್ಟೆಯ ಮೇಲಿದ್ದವರೆಲ್ಲ ತಿರುಗಿದರು.

ಅವಳ ಮುಖ ಸಣ್ಣದಾಯಿತು. ಚೀಲವನ್ನೊಮ್ಮೆ ಸವರಿದಳು. "ಮೆತ್ತಗಿತ್ತಲ್ಲ... ಅರಿವಿ ಅದಾವಂತ ತಿಳದ್ನಿ. ನೆಲಕ್ಕ ಇಡಬ್ಯಾಡ ಅಂದಿ, ಇಡಲಿಲ್ಲ. ಕ್ಯಾಮೆರಾ ಅಂತ ಮ್ಯಾಲರ ಬರಸಬಾರದ?"

"ಬರಸಿದ್ರ ಓದ್ತಿದ್ದೇನು?"

ಅವಳಿಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಅಂದೆ.

ಹಿನ್ನೀರಿಗೆ ಹೋಗಿ ಮಾಡುವುದೇನು? ಅವಳ ಜೊತೆಗೇ ಗುಡ್ಡ ಹತ್ತಿದೆ, ಇಳಿದೆ. ವಾಪಸು ಬರುವಾಗ ಬಸ್ಸು ಬಂತು, ಜನ ಟವೆಲ್ಲು ಒಗೆದರು, ಗಂಟು ಒಗೆದರು. ದೊಡ್ಡವ್ವ ಏನನ್ನೂ ಒಗೆಯಲಿಲ್ಲ. ಚೀಲವನ್ನು ನನ್ನ ಕೈಯಿಂದ ಕಸಿದು, ಕೂಸನ್ನು ಅವಚುವಂತೆ ಎದೆಗೆ ಅವಚಿಕೊಂಡು ಕೊನೆಗೆ ಹತ್ತಿದಳು. ಸೀಟು ಸಿಗಲಿಲ್ಲ. ಇಬ್ಬರೂ ನಿಂತೆವು. ಕಂಬಿ ಹಿಡಿದ ನನ್ನ ಭುಜ ಸಿಡಿಯತೊಡಗಿತು.

ಯಾರಾದರೂ ಸ್ವಲ್ಪ ತಾಗಿದರೆ ಸಾಕು, ದೊಡ್ಡವ್ವ ಇಡೀ ಬಸ್ಸಿಗೆ ಕೇಳುವಂತೆ, "ಸರೀರಿ, ಸರೀರಿ! ಇದರಾಗ ಕ್ಯಾಮೆರಾ ಐತಿ!" ಎಂದು ಕೂಗುತ್ತಿದ್ದಳು.

ಮುಂದಿನ ಸೀಟಿನ ಹೆಂಗಸು ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಮಡಿಲ ಕೂಸಿನ ಮುಖ ಒರೆಸಿ ನನ್ನ ಕಡೆ ತಿರುಗಿದಳು. "ಹೌದೇನ್ರಿ ಅಕ್ಕಾರ? ಹಂಗಾರ ನಮ್ಮದೊಂದು ಫೋಟೋ ತಗೀರಲ್ಲ."