ಆಟದೊಳಗಿನ ಅಜ್ಜಿ ಕೇಳುತ್ತಿದ್ದ ಮಾತು

ಇವತ್ತು ಬೆಳಿಗ್ಗೆ ಇಡ್ಲಿ ತಟ್ಟೆಯ ಒದ್ದೆ ಬಟ್ಟೆಯಿಂದ ಇಡ್ಲಿಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಹಾಲು ಕಾಯಿಸಿಯಾಗಿತ್ತು, ಬಾಗಿಲ ಮುಂದೆ ರಂಗೋಲಿ ಎಳೆದಾಗಿತ್ತು, ಸೇಲಂನ ನಮ್ಮ ಬೀದಿಗೆ ಕುಡಿಯುವ ನೀರು ಬರುವ ದಿನವಾದ್ದರಿಂದ ಕೊಡಗಳೆಲ್ಲ ತುಂಬಿ ಗೋಡೆಯುದ್ದಕ್ಕೂ ನಿಂತಿದ್ದವು. ಹತ್ತು ವರ್ಷದ ಮಗಳು ಯೂನಿಫಾರಂ ಹಾಕಿಕೊಂಡು, ಒಂದೇ ಕಾಲಿಗೆ ಸಾಕ್ಸ್ ಏರಿಸಿ, ಅವಳಪ್ಪ ಕೊಡಿಸಿದ ಆಟದ ಯಂತ್ರ ಹಿಡಿದು ಕೂತಿದ್ದಳು. ಕಾಡುಮೇಡು ಅಲೆದು ಬಗೆಬಗೆಯ ಪ್ರಾಣಿಗಳನ್ನು ಹಿಡಿದು ಸಾಕುವ ಆಟ. "ಅಮ್ಮಾ, ಇಲ್ಲೊಬ್ರು ಪಾಟ್ಟಿ ಇದಾರೆ. ಅವ್ರ್ ಪ್ರಾಣಿ ಕೊಡ್ತಾರಂತೆ, ನಂದು ಕೊಡ್ಬೇಕಂತೆ. ಯೂಸ್‌ಫುಲ್ಲಾ ಇರ್ಕುಮಾ?" ಎಂದು, ಪರದೆಯೊಳಗಿನ ಅಜ್ಜಿಯೊಬ್ಬಳನ್ನು ತೋರಿಸಿ, ಅವಳ ಪ್ರಾಣಿ ಉಪಯೋಗಕ್ಕೆ ಬರುತ್ತದಾ ಎಂದು ತನ್ನ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಕೂಗಿ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಗುಂಡಿ ಒತ್ತಿಯೂ ಬಿಟ್ಟಿದ್ದಳು. ಎರಡು ಸ್ವರ ಮೇಲಕ್ಕೇರಿ, ಒಂದು ಕೆಳಗಿಳಿದು, ಕೊನೆಗೆ ಸಣ್ಣ ಗಂಟೆ ಹೊಡೆದ ಹಾಗೆ ಒಂದು ಸದ್ದು ಬಂತು. ಕೊಟ್ಟು ತೆಗೆದುಕೊಳ್ಳುವ ಹೊತ್ತಿನ ರಾಗ ಅದು. ಇಪ್ಪತ್ತೈದು ವರ್ಷದಲ್ಲಿ ಈ ಬಗೆಯ ಆಟಗಳಲ್ಲಿ ಏನೇನೋ ಬದಲಾಗಿದೆ, ಅದೊಂದು ಹೆಚ್ಚು ಬದಲಾಗಿಲ್ಲ. ನನ್ನ ಕೈಯಲ್ಲಿದ್ದ ಇಡ್ಲಿ ಬಟ್ಟೆಗೆ ಅಂಟಿಕೊಂಡು ಎರಡಾಯಿತು.

ಆ ರಾಗವನ್ನು ನಾನು ಮೊದಲು ಕೇಳಿದ್ದು ಮೆಟ್ಟೂರಿನ ಕ್ವಾರ್ಟರ್ಸಿನ ಹಿತ್ತಿಲ ಮೆಟ್ಟಿಲ ಮೇಲೆ, ಅತ್ತೆಯ ಭುಜಕ್ಕೆ ಕೆನ್ನೆ ತಾಗಿಸಿಕೊಂಡು. ಅಪ್ಪ ಅಲ್ಲಿ ಕರೆಂಟು ತಯಾರಿಸುವ ಕಡೆ ಫಿಟ್ಟರ್ ಆಗಿದ್ದರು. ಎರಡು ಕೋಣೆಯ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಅಪ್ಪನ ತಮ್ಮ, ತಂಗಿ ಮತ್ತು ನಾನು. ಒಗೆದು ಹರವಿದ ಬಿಳಿ ಬಟ್ಟೆಯ ಮೇಲೆ ಚಿಮಣಿಯ ಬೂದಿ ಸಣ್ಣಗೆ ಕೂರುತ್ತಿತ್ತು. ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಗೋಡೆಯ ಒಳಗಿಂದಲೇ ಬಂದಂಥ ಮೊರೆತ. ಅಪ್ಪನ ಆ ತಂಗಿಯೇ ನನ್ನ ಅತ್ತೆ, ನಾಗರತ್ನ, ಮನೆಯವರಿಗೆ ರತ್ನ. ಅವಳಿಗೆ ಇಪ್ಪತ್ತು, ನನಗೆ ಹತ್ತು. ಪಕ್ಕದ ಮನೆಯ ಎಂಜಿನಿಯರ್ ಕುಟುಂಬ ವರ್ಗವಾಗಿ ಹೋಗುವಾಗ ಬಿಟ್ಟುಹೋದ ಬೂದು ಬಣ್ಣದ ಆಟದ ಯಂತ್ರ ನಮ್ಮಿಬ್ಬರದಾಯಿತು. ಪರದೆಗೆ ಅದರದೇ ಬೆಳಕಿರಲಿಲ್ಲ. ಬಿಸಿಲಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು. ಹಾಗಾಗಿ ನಾನು ಶಾಲೆಯಿಂದ ಬಂದ ಮೇಲೆ ಬಿಸಿಲಿಳಿಯುವ ತನಕ ನಮ್ಮ ಆಟ. ಶೆಲ್ಲು ಸತ್ತರೆ ಅತ್ತೆ ಅವನ್ನು ಕಾಂಪೌಂಡ್ ಗೋಡೆಯ ಮೇಲೆ ಹಪ್ಪಳದ ಪಕ್ಕ ಒಣಗಲು ಇಡುತ್ತಿದ್ದಳು, ಇನ್ನರ್ಧ ಗಂಟೆಗಾಗುವಷ್ಟು ಜೀವ ಬರುತ್ತಿತ್ತು. ಅವಳು ಎಂಟನೆಯವರೆಗೆ ತಮಿಳಿನಲ್ಲಿ ಓದಿದವಳು, ನಾನು ಕಾನ್ವೆಂಟಿನವಳು. ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ, ಗುಂಡಿ ಒತ್ತುವುದು ಅವಳ ಕೆಲಸ.

ಆಡಿದವರಿಗೆ ಗೊತ್ತಿರುತ್ತದೆ, ಆ ಆಟದ ಊರುಗಳಲ್ಲಿ ಮನೆಗೊಬ್ಬರಂತೆ ಜನ ನಿಂತಿರುತ್ತಾರೆ. ಅವರನ್ನು ಯಾರೂ ಆಡಿಸುವುದಿಲ್ಲ. ಎದುರು ಹೋಗಿ ನಿಂತರೆ ತಮಗೆ ಕೊಟ್ಟ ಒಂದೆರಡು ವಾಕ್ಯ ಹೇಳುತ್ತಾರೆ, ಅಷ್ಟೇ. ಕೆಲವರು ಮಾತ್ರ, ನಿನ್ನ ಹತ್ತಿರ ಇಂಥ ಪ್ರಾಣಿ ಇದ್ದರೆ ಕೊಡು, ನನ್ನದು ತಗೋ ಅನ್ನುತ್ತಾರೆ. ಅಂಥ ಯಂತ್ರ ಇನ್ನೊಬ್ಬರ ಹತ್ತಿರ ಇದ್ದಿದ್ದರೆ ತಂತಿ ಹಾಕಿಕೊಂಡು ನಾವು ನಾವೇ ಬದಲಾಯಿಸಿಕೊಳ್ಳಬಹುದಿತ್ತು. ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಇದ್ದದ್ದು ಇದೊಂದೇ, ಆದ್ದರಿಂದ ನಮ್ಮ ವ್ಯವಹಾರವೆಲ್ಲ ಆ ಬೊಂಬೆ ಜನರೊಂದಿಗೆ. ಯಾವ ಊರಲ್ಲಿ ಯಾರು ಏನು ಕೇಳಿ ಏನು ಕೊಡುತ್ತಾರೆ ಎಂದು ಮಾರಲ್ ಸೈನ್ಸ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೆ. ಒಂದು ಕಡೆ 'ಯೂಸ್‌ಫುಲ್', ಇನ್ನೊಂದು ಕಡೆ 'ವೇಸ್ಟ್'. ಸಿಸ್ಟರ್ ಕಲಿಸಿದ ಹಾಗೆ ಎರಡರ ಕೆಳಗೂ ಕೆಂಪು ಪೆನ್ನಿನ ಗೀಟು.

ಅತ್ತೆ ಮೊಟ್ಟಮೊದಲು ಹಿಡಿದದ್ದು ನೀರುನಾಯಿಯಂಥ ಒಂದು ಪುಟ್ಟ ಪ್ರಾಣಿ. ಮಣಿ ಎಂದು ಹೆಸರಿಟ್ಟಳು. ಎಮ್, ಎ, ಎನ್, ಐ ಎಂದು ನಾನು ಹೇಳಿದೆ, ಅವಳು ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತಿದಳು. ಅತ್ತೆ ಇಂಗ್ಲಿಷಿನಲ್ಲಿ ಬರೆದ ಮೊದಲ ಪದ ಅದು. ಆಟದೊಳಗೆ ನದಿದಂಡೆಯ ಊರಿನ ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಅಂಥದೇ ಪ್ರಾಣಿ ಕೇಳಿದಳು, ಬದಲಿಗೆ ದೊಡ್ಡ ರೆಕ್ಕೆಯ ಹಕ್ಕಿ ಕೊಡುತ್ತೇನೆಂದಳು. ಹಕ್ಕಿಯಿಲ್ಲದೆ ನಾವು ನೀರಿನಾಚೆಯ ಊರಿಗೆ ದಾಟುವಂತಿರಲಿಲ್ಲ. "ಬ್ಯಾಡ ಕಣೆ, ಇವ್ಳು ಮೊದಲ್ನೇಯವ್ಳು" ಎಂದಳು ಅತ್ತೆ. "ಅಯ್ಯೋ ಅತ್ತೆ, ಹಕ್ಕಿ ಯೂಸ್‌ಫುಲ್ಲು" ಎಂದು ನಾನೇ ಕೈ ಚಾಚಿ ಒತ್ತಿಬಿಟ್ಟೆ. ಹಕ್ಕಿ ತನ್ನ ಹೆಸರು ಹೊತ್ತುಕೊಂಡೇ ಬಂತು, ಟೋನಿ ಎಂದು. ಆಟದಲ್ಲಿ ಹೆಸರು ಬದಲಾಯಿಸಿಕೊಡುವ ಒಬ್ಬ ಮುದುಕನೂ ಇದ್ದ. ಅವನ ಬಳಿ ಒಯ್ದರೆ, ಇದು ಬೇರೆಯವರು ಪ್ರೀತಿಯಿಂದ ಇಟ್ಟ ಹೆಸರು, ನಾನು ಮುಟ್ಟಲಾರೆ ಎಂದ. "ನೋಡೆ, ಮರ್ವಾದಿ ಗೊತ್ತಿರೋನು" ಎಂದು ಅತ್ತೆ ಮೆಚ್ಚಿಕೊಂಡಳು.

ಅಲ್ಲಿಂದ ಮುಂದೆ ದಿನಾ ಆಟ ಮುಗಿಸುವ ಮುನ್ನ ಅತ್ತೆ ಆ ನದಿದಂಡೆಯ ಮನೆಗೆ ಹೋಗಿ ನಿಲ್ಲುತ್ತಿದ್ದಳು. ಅಜ್ಜಿ ಹೇಳುವುದು ಯಾವತ್ತೂ ಅದೇ: ನೀನು ಕೊಟ್ಟದ್ದು ಚೆನ್ನಾಗಿ ಬೆಳೆದಿದೆ, ನನ್ನದು ಹೇಗಿದೆ? ನಾನು ಓದುವುದಕ್ಕೂ ಕಾಯದೆ ಅತ್ತೆ ಉತ್ತರ ಕೊಡುತ್ತಿದ್ದಳು. "ಸೆಂದಾಗವ್ನೆ ಕಣಜ್ಜಿ. ನಮ್ ಮಣಿನ ವಸಿ ಆಚ್ಗೆ ಕರಿ, ನೋಡ್ಕಂಡ್ ಓಯ್ತೀನಿ." ಮಣಿ ಆ ಮನೆಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. ನಾನು ಬಿದ್ದು ಬಿದ್ದು ನಗುತ್ತಿದ್ದೆ, ಅದು ಬೊಂಬೆ ಅತ್ತೆ, ಅದಕ್ಕೇನು ಕೇಳಿಸುತ್ತೆ ಎಂದು. "ಕೇಳಿಸ್ದಿದ್ರೆ ಓಗ್ಲಿ. ಇಚಾರಿಸ್ತದಲ್ಲ" ಎನ್ನುತ್ತಿದ್ದಳು.

ಆ ವರ್ಷವೇ ಚಿಕ್ಕಪ್ಪನಿಗೆ ಹೆಣ್ಣು ಹುಡುಕುತ್ತಿದ್ದರು. ಪೆನ್ನಾಗರಂ ಕಡೆಯ ಒಂದು ಬೇಸಾಯದ ಮನೆಯವರು, ನಮ್ಮ ಹುಡುಗಿ ಕೊಡುತ್ತೇವೆ, ನಿಮ್ಮ ಹುಡುಗಿಯನ್ನು ಅವಳ ಅಣ್ಣನಿಗೆ ಕೊಡಿ ಎಂದರು. ಹೆಣ್ಣು ಕೊಟ್ಟು ಹೆಣ್ಣು ತರುವುದು ನಮ್ಮಲ್ಲಿ ಹೊಸದೇನಲ್ಲ. ಒಂದೇ ಚಪ್ಪರ, ಒಂದೇ ಊಟ ಎಂದು ಅಜ್ಜಿ ಹಿಗ್ಗಿದಳು. ಅತ್ತೆಯನ್ನು ಯಾರೂ ಕೇಳಲಿಲ್ಲ. ಅವಳೇ ಹಿತ್ತಿಲ ಮೆಟ್ಟಿಲ ಮೇಲೆ ನನ್ನನ್ನು ಕೇಳಿದಳು, "ನಿನ್ ಬುಕ್ಕಲ್ಲಿ ನನ್ನ ಯಾವ್ ಕಡೀಕ್ ಬರ್ಕಂತೀಯೆ?" ಬರುವ ಚಿಕ್ಕಮ್ಮನಿಗೆ ಹೊಲಿಗೆ ಬರುತ್ತದೆ, ಮಿಷನ್ನು ತರುತ್ತಾಳೆ ಎಂದು ನನ್ನ ಕಿವಿಗೆ ಬಿದ್ದಿತ್ತು. 'ಯೂಸ್‌ಫುಲ್' ಕೆಳಗೆ ಇಬ್ಬರ ಹೆಸರೂ ಬರೆದು, ನಡುವೆ ಬಾಣದ ಗುರುತು ಹಾಕಿ ತೋರಿಸಿದೆ. ಅತ್ತೆ ಕೆಂಪು ಗೀಟಿನ ಮೇಲೆ ಬೆರಳಾಡಿಸಿದಳು. "ಗೀಟು ಸೆಂದಾಗ್ ಎಳ್ದಿದೀಯ" ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿ ಕೊಟ್ಟಳು. ಮದುವೆಯಾಗಿ ಅವಳು ಹೋದ ಮನೆಯಲ್ಲಿ ಹಿರಿಯ ಸೊಸೆಯ ಹೆಸರೂ ರತ್ನ ಎಂದೇ ಇತ್ತಂತೆ. ಗೊಂದಲ ಯಾಕೆಂದು ಮೊದಲ ದಿನವೇ ಅತ್ತೆಯನ್ನು ಲಕ್ಷ್ಮಿ ಮಾಡಿದರು. ಇದು ಬೇರೆಯವರು ಇಟ್ಟ ಹೆಸರು ಎನ್ನುವ ಮುದುಕ ಅಲ್ಲಿರಲಿಲ್ಲ.

ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಅಮ್ಮ ನನಗೆ ಶಾಲೆಯ ರಿಬ್ಬನ್ ಕಟ್ಟುತ್ತಿದ್ದಾಗ, ಅತ್ತೆ ಮೊದಲ ಬಸ್ಸಿಗೆ ಬಂದಿಳಿದಳು. ಕೈಯಲ್ಲಿ ಜವಳಿ ಅಂಗಡಿಯ ಒಂದು ಚೀಲ. ಎರಡೂ ಹಿಮ್ಮಡಿ ಸೀಳಿದ್ದವು, ಎಡಗೈಯಲ್ಲಿ ಬಳೆಯಿರಲಿಲ್ಲ, ಮೊಣಕೈ ಮೇಲೆ ಹಳದಿಗೆ ತಿರುಗಿದ ಪೆಟ್ಟಿನ ಗುರುತು. ಚಟ್ನಿಗೂ ಕಾಯದೆ ನಿಂತಲ್ಲೇ ಐದು ಇಡ್ಲಿ ತಿಂದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, "ನಾನ್ ತಿರ್ಗ ಓಗಲ್ಲ ಕಣವ್ವ" ಎಂದಳು. ಅಪ್ಪ ಗೋಡೆ ನೋಡಿದರು. ಅಜ್ಜಿ ಮಾತ್ರ ಚಿಕ್ಕಮ್ಮನ ಕಡೆ ಕೈ ತೋರಿಸಿದಳು. "ನೀನ್ ಇಲ್ ಕುಂತ್ಕಂಡ್ರೆ ನಾಳೀಕೆ ಅವ್ರು ಬಂದು ಇವ್ಳ ಕರ್ಕಂಡ್ ಓಯ್ತಾರೆ. ಬಸ್ರಿ ಎಂಗ್ಸು. ನ್ಯಾಯಮಾ ಇದು, ನೀನೇ ಯೇಳು." ಚಿಕ್ಕಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಪೆಡಲಿನ ಮೇಲೆ ಇಟ್ಟ ಕಾಲು ಅಲುಗಲಿಲ್ಲ. ಸೂಜಿಯ ಕೆಳಗೆ ಶಾಲೆಯ ವಾರ್ಷಿಕೋತ್ಸವಕ್ಕೆಂದು ನನಗಾಗಿ ಹೊಲಿಯುತ್ತಿದ್ದ ಹಳದಿ ಫ್ರಾಕು.

ಆ ದಿನ ನನ್ನನ್ನು ಶಾಲೆಗೆ ಕಳಿಸುವುದನ್ನೇ ಮರೆತರು. ಅತ್ತೆ ಹಿತ್ತಿಲ ಮೆಟ್ಟಿಲಿಗೆ ಬಂದು ಕೂತು ಆಟದ ಯಂತ್ರ ಕೇಳಿದಳು. ನೇರ ನದಿದಂಡೆಯ ಮನೆಗೆ ಹೋದಳು. ಬೊಂಬೆ ಅಜ್ಜಿ ಎಂದಿನ ಪ್ರಶ್ನೆಯನ್ನೇ ಕೇಳಿದಳು. ಅತ್ತೆ ಅವಳಿಗೆ ಉತ್ತರ ಕೊಡದೆ ನನ್ನನ್ನು ಕೇಳಿದಳು, "ಇವ್ಳತ್ರ ಮಣಿನ ವಾಪಸ್ ಈಸ್ಕಳಾಕ್ ಆಯ್ತದಾ?" ನನಗಾಗ ಹನ್ನೊಂದು. ಅವಳು ಕೇಳುತ್ತಿರುವುದು ಏನೆಂದು ನನಗೆ ಗೊತ್ತಾಗಲಿಲ್ಲ ಎಂದು ಬರೆದರೆ ಯಾರೂ ಅನುಮಾನಿಸಲಾರರು. ಆದರೆ ಗೊತ್ತಾಗಿತ್ತು. ಬಾಗಿಲ ಸಂದಿಯಿಂದ ಹಳದಿ ಬಟ್ಟೆ ಕಾಣುತ್ತಿತ್ತು, ಒಂದು ತೋಳು ಇನ್ನೂ ಕೂಡಿಸಿರಲಿಲ್ಲ. "ಆಗಲ್ಲ ಅತ್ತೆ" ಎಂದೆ. "ಒಂದ್ ಸಲ ಕೊಟ್ರೆ ಮುಗೀತು." ಆಟದ ಮಟ್ಟಿಗೆ ಅದು ನಿಜ. ಅತ್ತೆ ಯಂತ್ರ ಆರಿಸಿ, ಸೆರಗಿನಿಂದ ಪರದೆ ಒರೆಸಿ, ನನ್ನ ತೊಡೆಯ ಮೇಲಿಟ್ಟಳು. ಮಧ್ಯಾಹ್ನದ ಬಸ್ಸಿಗೆ ಅಪ್ಪ ಅವಳನ್ನು ಹತ್ತಿಸಿ ಬಂದರು. ಸಂಜೆ ಹೊಲಿಗೆ ಮಿಷನ್ನಿನ ಸದ್ದು ಮತ್ತೆ ಶುರುವಾಯಿತು. ವಾರ್ಷಿಕೋತ್ಸವದ ದಿನ ನನ್ನ ಫ್ರಾಕಿನ ನೆರಿಗೆಗಳನ್ನು ಸಿಸ್ಟರ್ ಮುಟ್ಟಿ ನೋಡಿ ಹೊಗಳಿದರು.

ಚಿಕ್ಕಮ್ಮ ಒಳ್ಳೆಯವಳು. ಅಜ್ಜಿಯ ಕೊನೆಗಾಲದಲ್ಲಿ ಮೈ ಒರೆಸಿ ಗಂಜಿ ಕುಡಿಸಿದವಳು ಅವಳೇ. ಅವಳ ಮೇಲೆ ನನಗೆ ಕೋಪವಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. ಅವಳ ತವರಿನವರು ಹಬ್ಬಹಬ್ಬಕ್ಕೂ ಅವರೆಕಾಯಿ ಹೊತ್ತು ಬಂದು, ನಮ್ಮ ಹುಡುಗಿ ಹೇಗಿದ್ದಾಳೆ ಎಂದು ವಿಚಾರಿಸುತ್ತಿದ್ದರು. ನಮ್ಮ ಮನೆಯಿಂದ ಯಾರೂ ಆ ಕಡೆ ಹೋಗಿ ಹಾಗೆ ಕೇಳಲಿಲ್ಲ. ಕೇಳಿದರೆ ಅವಳು ಹೇಳುತ್ತಿದ್ದಳು, ಹೇಳಿದರೆ ಏನಾದರೂ ಮಾಡಬೇಕಾಗುತ್ತಿತ್ತು. ಒಂದೇ ವಾಕ್ಯ ಬರುತ್ತಿದ್ದ ಆ ಬೊಂಬೆ ಅಜ್ಜಿ ದಿನಾ ಕೇಳಿದ್ದನ್ನು, ಸಾವಿರ ಮಾತು ಬಲ್ಲ ನಾವು ಒಮ್ಮೆಯೂ ಕೇಳಲಿಲ್ಲ. ಈಗ ಅಪ್ಪನೂ ಇಲ್ಲ, ಅಜ್ಜಿಯೂ ಇಲ್ಲ. ಶೆಲ್ಲು ಒಸರಿ ಹಸಿರುಗಟ್ಟಿದ ಯಂತ್ರವನ್ನು ಅಮ್ಮ ಎಂದೋ ಹಳೇ ಸಾಮಾನಿನವನಿಗೆ ಹಾಕಿದಳು. ಒಮ್ಮೆ ಬಸ್ಸಿನಿಂದ ನೋಡಿದೆ, ನಮ್ಮ ಸಾಲು ಕೆಡವಿ ಸೀಮೆಜಾಲಿ ಬೆಳೆದಿತ್ತು. ಮುಳ್ಳಿನ ನಡುವೆ ಕೆಲವು ಮನೆಗಳ ಹಿತ್ತಿಲ ಮೆಟ್ಟಿಲುಗಳು ಮಾತ್ರ, ಎಲ್ಲಿಗೂ ಹತ್ತದೆ ನಿಂತಿದ್ದವು.

ಮೂರು ವರ್ಷದ ಹಿಂದೆ ಅತ್ತೆ ಇಲ್ಲಿಗೆ ಬಂದಿದ್ದಳು. ಗಂಡನ ಕಣ್ಣಿನ ಆಪರೇಷನ್ನು, ಎರಡು ದಿನ ನಮ್ಮಲ್ಲಿ ಉಳಿದಳು. ಒದ್ದೆ ಬಟ್ಟೆಯಲ್ಲಿ ಸುತ್ತಿ ದೊಡ್ಡಪತ್ರೆಯ ಎರಡು ಕಡ್ಡಿ ತಂದಿದ್ದಳು, ಒಂದು ನನಗೆ ಕೊಟ್ಟು ಇನ್ನೊಂದನ್ನು ಇಲ್ಲಿ ಪರಿಚಯವಾದ ಎದುರು ಮನೆಯ ಸರೋಜಮ್ಮನಿಗೆ ಕೊಟ್ಟಳು. ಸರೋಜಮ್ಮನೂ ಧರ್ಮಪುರಿ ಕಡೆಯವರು, ನಮ್ಮ ಮಾತಿನವರು. ನನ್ನ ಕಡ್ಡಿ ಒಣಗಿಹೋಯಿತು. ಮಗಳು ಆಡುವುದನ್ನು ಅತ್ತೆ ಹಿಂದೆ ನಿಂತು ನೋಡಿ, "ಆ ಅಜ್ಜಿ ಇನ್ನೂ ಅವ್ಳಾ?" ಎಂದು ನನ್ನನ್ನು ಕೇಳಿದಳು. ಇದು ಬೇರೆ ಆಟ ಅತ್ತೆ ಎಂದು ನಕ್ಕೆ. ಆ ಮಧ್ಯಾಹ್ನವೆಲ್ಲ ನಾವಿಬ್ಬರೇ ಕೂತು ಬೆಳ್ಳುಳ್ಳಿ ಸುಲಿದೆವು. ಕಾಫಿಯೋ ಟೀಯೋ ಎಂದು ಕೇಳಿದೆ. ಸಕ್ಕರೆ ಎಷ್ಟು ಎಂದು ಕೇಳಿದೆ. ಬಸ್ಸಿನಲ್ಲಿ ಸೀಟು ಸಿಕ್ಕಿತಾ ಎಂದೂ ಕೇಳಿದೆ. ಅವಳು ಸಿಪ್ಪೆಗಳನ್ನು ಒಂದೂ ಬಿಡದೆ ಆರಿಸಿ ಮೊರಕ್ಕೆ ಹಾಕುತ್ತ ಎಲ್ಲಕ್ಕೂ ಉತ್ತರ ಕೊಟ್ಟಳು. ಅವಳ ನಂಬರು ನನ್ನ ಫೋನಿನಲ್ಲಿ 'ರತ್ನತ್ತೆ' ಎಂದೇ ಇದೆ. ಒಮ್ಮೆಯೂ ಒತ್ತಿಲ್ಲ.

ಸಂಜೆ ಮಗಳು ಕೆಮ್ಮುತ್ತ ಶಾಲೆಯಿಂದ ಬಂದಳು. ಮಹಡಿಯಿಂದ ಒಣಗಿದ ಬಟ್ಟೆ ತೆಗೆದುಕೊಂಡು ನಾನು ಇಳಿದು ಬರುವಾಗ ಸರೋಜಮ್ಮ ಬಾಗಿಲ ಬಳಿಯ ಕುಂಡಗಳಿಗೆ ನೀರು ಹಾಕುತ್ತಿದ್ದರು. ಕೆಮ್ಮು ಅವರಿಗೂ ಕೇಳಿಸಿತ್ತು. ಒಂದು ಹಿಡಿ ದೊಡ್ಡಪತ್ರೆ ಚಿವುಟಿ ನನ್ನ ಬಟ್ಟೆಗಳ ಮೇಲಿಟ್ಟು, ಚೊಂಬು ಎತ್ತಿಕೊಂಡು ಒಳಗೆ ಹೋಗುತ್ತ, ತಿರುಗಿಯೂ ನೋಡದೆ ಹೇಳಿದರು:

"ನಿಮ್ ಅತ್ತೆ ಕೊಟ್ಟಿದ್ ಕಡ್ಡಿ ಕಣಮ್ಮ, ಎಷ್ಟ್ ಸೆಂದಾಗ್ ಬಂದೈತೆ ನೋಡು. ಅವ್ರ್ ಹೆಂಗವ್ರೆ?"